ಒಂಬತ್ತು ಮಡಿಕೆಯ ಕಾಗದ

ಒಂದು ಬೀದಿಯಿತ್ತಂತೆ, ಆ ಬೀದಿಯ ತುದಿಗೊಂದು ಚರ್ಚು ಇತ್ತಂತೆ. ಚರ್ಚಿನ ನೆರಳು ಬೀಳುವಷ್ಟು ಹತ್ತಿರದಲ್ಲಿ ಇಬ್ಬರು ಅಕ್ಕತಂಗಿಯರು. ತಂಗಿ ದೇವರಿಗೆ ರೊಟ್ಟಿ ಸುಡುವವಳು, ಅಕ್ಕ ದೇವರ ಬಟ್ಟೆ ಒಗೆಯುವವಳು. ತಂಗಿಯ ಕೈಯಲ್ಲಿ ಹಿಟ್ಟಿನ ಬಿಳುಪು, ಅಕ್ಕನ ಕೈಯಲ್ಲಿ ಗಂಜಿಯ ಬಿಳುಪು. ಯಾರ ಕೈ ಹೆಚ್ಚು ಬಿಳಿ ಎಂದು ಕೇಳಿದರೆ ದೇವರೂ ತಲೆ ಕೆರೆದುಕೊಳ್ಳುತ್ತಿದ್ದನಂತೆ. ಕಥೆ ಅಲ್ಲಿಗೇ ನಿಂತಿದ್ದರೆ ಮಕ್ಕಳನ್ನು ಮಲಗಿಸುವುದಕ್ಕೆ ಸಾಕಾಗುತ್ತಿತ್ತು. ನಿಲ್ಲಲಿಲ್ಲ.

ತಂಗಿ ತೀರಿಕೊಂಡ ಮಾರನೆಯ ದಿನ ಬೆಳಿಗ್ಗೆ ಅಕ್ಕ ಅವಳ ಅಡುಗೆಮನೆಯಲ್ಲಿ ನಿಂತು, ಶವಪೆಟ್ಟಿಗೆಯ ಮೇಲೆ ಹೊದಿಸುವ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಬಟ್ಟೆ ಉದ್ದ, ಮೇಜು ಗಿಡ್ಡ. ತಂಗಿ ಮೂವತ್ತು ವರ್ಷ ಚರ್ಚಿನ ಪೂಜೆಗೆ ಪ್ರಸಾದದ ರೊಟ್ಟಿ ಸುಟ್ಟ ಮೇಜು ಅದು. ನೀರು, ಗೋಧಿಹಿಟ್ಟು, ಮತ್ತೇನೂ ಸೇರಬಾರದು. ಎರಡು ಕಬ್ಬಿಣದ ಹಲಗೆಗಳ ನಡುವೆ ಹಿಟ್ಟು ಸುರಿದು ಒತ್ತಿದರೆ ಕಾಗದದಂಥ ಹಾಳೆ ಏಳುತ್ತಿತ್ತು. ಅದನ್ನು ದುಂಡಗೆ ಕತ್ತರಿಸಿ ಡಬ್ಬಕ್ಕೆ ತುಂಬುವುದು. ಅದಕ್ಕೇ ಬೀದಿಯವರೆಲ್ಲ ಅವಳನ್ನು ರೊಟ್ಟಿಯಮ್ಮ ಎನ್ನುತ್ತಿದ್ದರು.

ಮುಂದಿನ ಕೋಣೆಯಲ್ಲಿ ಪೆಟ್ಟಿಗೆಯ ಪಕ್ಕ ಕುಳಿತ ಹೆಂಗಸರ ಮಾತು ಇಲ್ಲಿಗೂ ಕೇಳಿಸುತ್ತಿತ್ತು.

"ಇನ್ನು ಮೇಲೆ ಪಾರ್ಸಲ್ಲಲ್ಲಿ ಬರೋ ರೊಟ್ಟೀನೇ ಗತಿ," ಎಂದಳು ಹಾಲಿನಂಗಡಿಯವಳು. "ಒಂದ್ಸಲ ತಿಂದಿದೀನಿ. ರಟ್ಟು ಜಗಿದ ಹಾಗಿರುತ್ತೆ."

"ಪರಮಪ್ರಸಾದಕ್ಕೆ ಹಾಗೆಲ್ಲ ಅನ್ನಬಾರ್ದು ಕಣೇ," ಎಂದಳು ಟೈಲರ್ ಅಜ್ಜಿ.

"ಪ್ರಸಾದಕ್ಕೆ ಎಲ್ಲಂದೆ? ಪ್ರಸಾದ ಆಗೋಕ್ಕಿಂತ ಮುಂಚಿನದಕ್ಕೆ ಅಂದೆ."

ಯಾರೋ ಕಿಸಕ್ಕನೆ ನಕ್ಕು, ಪೆಟ್ಟಿಗೆ ನೋಡಿ ಸುಮ್ಮನಾದರು.

"ಹನ್ನೊಂದು ವರ್ಷ," ಟೈಲರ್ ಅಜ್ಜಿಯ ದನಿ ಇಳಿಯಿತು. "ಊರಿಗೆಲ್ಲ ಮಾಡಿ ಕಳಿಸಿದಳು, ಅವಳ ಬಾಯಿಗೆ ಒಂದು ಚೂರು ಬೀಳಲಿಲ್ಲ. ಆ ಕಾಗದ ಬರೆದ ಕೈ ಇದೆಯಲ್ಲ, ಅದಕ್ಕೆ ಹುಳ ಬೀಳ."

"ಬರೆದವರು ಅಲ್ಲೇ ಗೇಟಿನ ಹೊರಗೆ ನಿಂತಿದಾರೆ ನೋಡಿ, ಕೋಟು ಹಾಕ್ಕೊಂಡು. ಮುಖ ಹೊತ್ಕೊಂಡು ಬರೋಕೆ ಹೇಗೆ ಮನಸ್ಸಾಯ್ತೋ ಮೇಷ್ಟ್ರಿಗೆ."

ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತುಬಿಟ್ಟಿತ್ತು. ಸೀದ ವಾಸನೆ ಬಂದಾಗ ಅಕ್ಕ ಎತ್ತಿದಳು. ಬಿಳಿ ಬಟ್ಟೆಯ ಅಂಚಿನಲ್ಲಿ ತಿಳಿಹಳದಿ ಕಲೆಯಾಗಿತ್ತು. ಅದನ್ನು ಒಳಮಗ್ಗುಲಿಗೆ ತಿರುಗಿಸಿಟ್ಟಳು.

ಕಾಗದ ಬರೆದ ಕೈ ಗೇಟಿನ ಹೊರಗಿರಲಿಲ್ಲ. ಇಸ್ತ್ರಿಪೆಟ್ಟಿಗೆಯ ಹಿಡಿಯ ಮೇಲಿತ್ತು. ಅದನ್ನು ನರ್ಸಮ್ಮನಿಗೆ ಹೇಳುತ್ತೇನೆಂದು, ತಂಗಿ ಮಣ್ಣಿಗೆ ಹೋಗುವುದರೊಳಗೆ ಹೇಳುತ್ತೇನೆಂದು, ಅಕ್ಕ ಮಾತು ಕೊಟ್ಟಿದ್ದಳು. ಮಣ್ಣಿಗೆ ಇನ್ನು ಎರಡು ಗಂಟೆ ಇತ್ತು.

ನರ್ಸಮ್ಮ ಎಂದರೆ ತಂಗಿಯ ಜೊತೆ ಈ ಮನೆಯಲ್ಲಿ ಮೂವತ್ತು ವರ್ಷ ಬಾಳಿದವಳು. ಆಸ್ಪತ್ರೆಯ ಕೆಲಸದಿಂದ ನಿವೃತ್ತಳಾಗಿ ಆರು ವರ್ಷವಾದರೂ ನಡಿಗೆಯಲ್ಲಿ ವಾರ್ಡಿನ ಅವಸರ ಹೋಗಿರಲಿಲ್ಲ. ಈಗಲೂ ಹಾಗೇ ಬಂದು ಲೋಟವೊಂದನ್ನು ಅಕ್ಕನ ಕೈಗೆ ತುರುಕಿದಳು.

"ಕಾಫಿ ಕುಡೀರಿ ಅಕ್ಕಾ. ನೀವೂ ಬಿದ್ದುಬಿಟ್ರೆ ನಾನು ಯಾರ ಮುಖ ನೋಡ್ಲಿ?"

ಅವಳ ಹಿಂದೆಯೇ ಫಾದರ್ ಬಂದರು. ಈ ಚರ್ಚಿಗೆ ಬಂದು ಎರಡು ವರ್ಷವಾದ ಎಳೆಯ ಪಾದ್ರಿ. ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ.

"ಒಂದು ವಿಷಯ ಕೇಳ್ಬೇಕಿತ್ತಮ್ಮ. ಪೆಟ್ಟಿಗೆಯ ಹಿಂದೆ ಮೊದಲು ಯಾರು ನಡೀತಾರೆ? ಸಾಮಾನ್ಯವಾಗಿ ಗಂಡನೋ ಹೆಂಡತಿಯೋ, ಆಮೇಲೆ ಒಡಹುಟ್ಟಿದವರು. ಇಲ್ಲಿ... ಮನೆಗೆ ಹಿರಿಯರು ನೀವು. ನೀವು ಹೇಳಿದ ಹಾಗೆ."

"ಇವಳೇ ನಡೀಲಿ. ನಾನು ಹಿಂದೆ ಬರ್ತೀನಿ," ಎಂದಳು ಅಕ್ಕ.

ನರ್ಸಮ್ಮ ಫಾದರ್ ಕಡೆ ತಿರುಗಿದಳು. "ಕೇಳಿದ್ರಾ ಫಾದರ್? ಇಡೀ ಚರ್ಚು ನಮಗೆ ಬೆನ್ನು ತಿರುಗಿಸ್ದಾಗ ಭಾನುವಾರ ಭಾನುವಾರ ಈ ಮನೆಗೆ ಬಂದು ಊಟ ಮಾಡ್ತಿದ್ದವರು ಇವರೊಬ್ರೇ."

ಅಕ್ಕ ಕಾಫಿ ಕುಡಿದಳು. ನಾಲಿಗೆ ಸುಟ್ಟಿತು. ಒಳ್ಳೆಯದೇ ಆಯಿತು ಎನಿಸಿತು.

ಅಷ್ಟರಲ್ಲಿ ಶವಪೆಟ್ಟಿಗೆಯವನು ಬಾಗಿಲಲ್ಲಿ ಇಣುಕಿದ. "ಹೊರೋಕೆ ಆರು ಜನ ಬೇಕು, ಐದೇ ಜನ ಇದಾರೆ. ನಮ್ಮ ಹುಡುಗನಿಗೆ ಭುಜ ನೋವು. ಗೇಟ್ ಹತ್ರ ಒಬ್ರು ನಿಂತಿದಾರಲ್ಲ, ಅವರನ್ನ ಕರೀಲಾ?"

"ಆ ಮನುಷ್ಯ ಪೆಟ್ಟಿಗೆ ಮುಟ್ಟಿದ್ರೆ ನಾನು ಇಲ್ಲೇ ಬಾಗಿಲಿಗೆ ಅಡ್ಡ ಕೂತ್ಬಿಡ್ತೀನಿ," ಎಂದಳು ನರ್ಸಮ್ಮ. ಕೂಗಲಿಲ್ಲ. ಕೂಗದೆ ಹೇಳಿದ್ದರಿಂದಲೇ ಅವನು ಎರಡು ಹೆಜ್ಜೆ ಹಿಂದೆ ಸರಿದ.

*

ಹನ್ನೊಂದು ವರ್ಷದ ಹಿಂದೆ ತಂಗಿ ಮತ್ತು ನರ್ಸಮ್ಮ ಒಂದು ವಾರ ರಜೆ ಹಾಕಿ ದೂರದ ಊರಿಗೆ ಹೋಗಿಬಂದರು. ಇಬ್ಬರು ಹೆಂಗಸರು ಮದುವೆಯಾಗಬಹುದು ಎಂದು ಅಲ್ಲಿನ ಕಾನೂನು ಒಪ್ಪಿತ್ತು. ಕಚೇರಿಯ ಕಿಟಕಿಯೆದುರು ನಿಂತು ಸಹಿ ಹಾಕಿದರು, ಅಷ್ಟೇ. ವಾಪಸು ಬಂದ ದಿನ ಅಕ್ಕನನ್ನೂ ಹಾಡಿನ ಮೇಷ್ಟ್ರನ್ನೂ ಊಟಕ್ಕೆ ಕರೆದು, ಬೆರಳಿನ ಉಂಗುರ ತೋರಿಸಿದರು.

ಮೇಷ್ಟ್ರು ಚರ್ಚಿನ ಗಾಯಕರಿಗೆ ಹಾಡು ಕಲಿಸುವವರು. ಆ ಮನೆಯ ಮೂರನೆಯ ಕುರ್ಚಿ ಅವರದೇ. ಶನಿವಾರ ರೊಟ್ಟಿಯ ಡಬ್ಬ ಎತ್ತಿಕೊಂಡು ಚರ್ಚಿಗೆ ಮುಟ್ಟಿಸುವ ಕೆಲಸವೂ ಅವರದೇ. ಉಂಗುರ ನೋಡಿ ಅವರ ಮುಖ ಕೆಂಪಾಯಿತು.

"ಜೊತೆಗಿರಿ, ಬೇಡ ಅಂದವರು ಯಾರು? ಮದುವೆ ಅನ್ನಬೇಡಿ. ಮದುವೆ ನಮ್ಮ ಧರ್ಮಸಭೆಯ ಏಳು ಸಂಸ್ಕಾರದಲ್ಲಿ ಒಂದು. ಗಂಡಿಗೂ ಹೆಣ್ಣಿಗೂ ದೇವರು ಹಾಕಿದ ಗಂಟು ಅದು. ನಾವು ನಾವೇ ಹಾಕ್ಕೊಳ್ಳೋಕೆ ಬರಲ್ಲ."

"ದೇವರನ್ನ ಕೇಳಿಯೇ ಹಾಕ್ಕೊಂಡಿದೀವಿ ಬಿಡಿ," ಎಂದು ತಂಗಿ ನಕ್ಕಳು. ನರ್ಸಮ್ಮ ನಗಲಿಲ್ಲ. ಮಾತಿಗೆ ಮಾತು ಬೆಳೆದು ಮೇಷ್ಟ್ರು ತಟ್ಟೆ ಬಿಟ್ಟು ಎದ್ದುಹೋದರು.

ಅಕ್ಕ ಊಟ ಮುಗಿಸಿದಳು. ಆ ವರ್ಷವೇ ಅವಳ ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಒಂದು ಕೋಣೆ ಖಾಲಿಯಾಗಿತ್ತು. ಅದರ ಗೋಡೆಗೆ ಸುಣ್ಣ ಬಳಿಸಿ, ಚಿಕ್ಕಂದಿನಲ್ಲಿ ತಂಗಿಗೆ ಇಷ್ಟವಿದ್ದ ನೀಲಿ ಪರದೆ ಹೊಲಿಸಿದ್ದಳು. 'ಮುದುಕಿಯರಾದ ಮೇಲೆ ನಾವಿಬ್ರೂ ಒಟ್ಟಿಗಿರೋಣ' ಎಂದು ತಂಗಿ ಹತ್ತು ವರ್ಷದವಳಿದ್ದಾಗ ಹೇಳಿದ್ದ ಮಾತನ್ನು ಅಕ್ಕ ಸೆರಗಿನಲ್ಲಿ ಗಂಟು ಹಾಕಿಟ್ಟುಕೊಂಡಿದ್ದಳು.

ಮೂರು ದಿನದ ನಂತರ ಎಡಗೈಯಲ್ಲಿ ಪೆನ್ನು ಹಿಡಿದು ಆಗಿನ ಫಾದರಿಗೆ ಬರೆದಳು. ಇವರಿಬ್ಬರು ಮದುವೆಯಾಗಿ ಬಂದು ಪ್ರಸಾದಕ್ಕೆ ಕೈಯೊಡ್ಡುತ್ತಾರೆ, ಧರ್ಮಸಭೆಯ ಬೋಧನೆಗೆ ಇದು ಸರಿಯೇ, ಅವರ ಆತ್ಮದ ಹಿತಕ್ಕಾಗಿ ಬುದ್ಧಿ ಹೇಳಿ ಎಂದು. ಹೆಸರು ಹಾಕಲಿಲ್ಲ. ಫಾದರ್ ಕರೆದು ಗದರುತ್ತಾರೆ, ತಂಗಿ ಅಳುತ್ತಾಳೆ, ಗಂಟುಮೂಟೆ ಕಟ್ಟಿಕೊಂಡು ನೀಲಿ ಪರದೆಯ ಕೋಣೆಗೆ ಬರುತ್ತಾಳೆ. ಅಕ್ಕನ ಲೆಕ್ಕಾಚಾರ ಅಷ್ಟೇ ಇತ್ತು.

ಆದದ್ದು ಬೇರೆ. ಮುಂದಿನ ಭಾನುವಾರದ ಪೂಜೆಯಲ್ಲಿ ತಂಗಿ ಸಾಲಿನಲ್ಲಿ ನಿಂತು ಕೈಯೊಡ್ಡಿದಳು. ಮುದಿ ಫಾದರ್ ಅವಳ ತಲೆಯ ಮೇಲೆ ಶಿಲುಬೆಯ ಗುರುತು ಮಾಡಿ, ರೊಟ್ಟಿಯನ್ನು ಅವಳ ಹಿಂದಿದ್ದವರಿಗೆ ಕೊಟ್ಟರು. ತಂಗಿ ಒಂದು ಗಳಿಗೆ ಕೈಯೊಡ್ಡಿಕೊಂಡೇ ನಿಂತಿದ್ದಳು. ಶನಿವಾರ ಅವಳೇ ಸುಟ್ಟ ರೊಟ್ಟಿ ಅದು. ನರ್ಸಮ್ಮ ಸಾಲಿನಿಂದ ಹೊರಬಂದು ಅವಳ ಮೊಣಕೈ ಹಿಡಿದಳು, ಇಬ್ಬರೂ ಬೆಂಚುಗಳ ನಡುದಾರಿಯಲ್ಲಿ ಹೊರಗೆ ನಡೆದರು. ಅಕ್ಕ ಮೂರನೆಯ ಬೆಂಚಿನಲ್ಲಿದ್ದಳು. ಆ ಉದ್ದದ ನಡುದಾರಿಯಲ್ಲಿ ಅವಳಿಗೆ ಕೇಳಿಸಿದ್ದು ನಾಲ್ಕು ಕಾಲಿನ ಸದ್ದು ಮಾತ್ರ.

ಹೆಸರಿಲ್ಲದ ಕಾಗದವೊಂದು ಬಂದಿದೆ ಎಂದು ಫಾದರ್ ಅಂದು ಸಂಜೆ ತಂಗಿಗೆ ತಿಳಿಸಿದರು. ಮೇಷ್ಟ್ರೇ ಬರೆದದ್ದು ಎಂದು ನರ್ಸಮ್ಮ ಅಂದೇ ತೀರ್ಮಾನಿಸಿದಳು. ಊಟದ ದಿನದ ಜಗಳ ಎಲ್ಲರಿಗೂ ಗೊತ್ತಿತ್ತು. ಅವರು ಬಾಗಿಲಿಗೆ ಬಂದು ನಾನಲ್ಲ ಎಂದರು. ಬಾಗಿಲು ಮುಚ್ಚಿತು. ಅಂದಿನಿಂದ ನರ್ಸಮ್ಮ ಚರ್ಚಿಗೆ ಕಾಲಿಡಲಿಲ್ಲ. ತಂಗಿ ಹೋದಳು, ಕೊನೆಯ ಬೆಂಚಿನಲ್ಲಿ ಕುಳಿತು ಬಂದಳು, ಸಾಲಿಗೆ ಏಳಲಿಲ್ಲ. ರೊಟ್ಟಿ ಸುಡುವುದನ್ನೂ ಬಿಡಲಿಲ್ಲ. ಡಬ್ಬವನ್ನು ಕಾಂಪೌಂಡಿನ ಮೇಲಿಡುತ್ತಿದ್ದಳು. ಮೇಷ್ಟ್ರು ಹೊರಗಿನಿಂದಲೇ ಎತ್ತಿಕೊಂಡು ಹೋಗುತ್ತಿದ್ದರು.

ಒಂದು ತಿಂಗಳು ತಡೆದು ಅಕ್ಕ ಪಾಪನಿವೇದನೆಗೆ ಹೋಗಿ ಮೊಣಕಾಲೂರಿದಳು. ಜಾಲರಿಯ ಆಚೆಯಿಂದ ಮುದಿ ಫಾದರ್ ಸಮಾಧಾನದ ದನಿಯಲ್ಲಿ, "ಅದು ನೀನೇನಮ್ಮ? ಪಾಪ ಎಲ್ಲಿ ಬಂತು? ದಾರಿ ತಪ್ಪಿದವಳನ್ನ ತೋರಿಸಿಕೊಟ್ಟಿದೀಯ. ಬೇರೆ ಏನಾದ್ರೂ ಇದ್ರೆ ಹೇಳು," ಎಂದರು. ಅವಳು ಬೇರೆ ಏನೋ ಹೇಳಿದಳು. ಅದಕ್ಕೆ ಮೂರು ಜಪ ಶಿಕ್ಷೆ ಸಿಕ್ಕಿತು. ಇದಕ್ಕೆ ಏನೂ ಸಿಗಲಿಲ್ಲ. ಹೊಡೆಸಿಕೊಳ್ಳಲು ಬೆನ್ನೊಡ್ಡಿದವಳ ಬೆನ್ನು ತಟ್ಟಿ ಕಳಿಸಿದ ಹಾಗಾಯಿತು.

*

ಪೆಟ್ಟಿಗೆಗೆ ಬಟ್ಟೆ ಹೊದಿಸಿ ಅಕ್ಕ ಹೊರಗೆ ಬಂದಳು. ಗೇಟಿನ ಆಚೆ, ಡಬ್ಬ ಇಡುತ್ತಿದ್ದ ಕಾಂಪೌಂಡಿಗೆ ಒರಗದೆ, ನೆಟ್ಟಗೆ ನಿಂತಿದ್ದರು ಮೇಷ್ಟ್ರು. ಕೋಟಿನ ತೋಳು ಉದ್ದವಾಗಿ ಬೆರಳಷ್ಟೇ ಕಾಣುತ್ತಿತ್ತು. ಈ ವರ್ಷಗಳಲ್ಲಿ ಕುಗ್ಗಿಹೋಗಿದ್ದರು.

"ನಾನು ಹಾಡೋಕೂ ಬೇಡ ಅಂದ್ರಂತೆ ನರ್ಸಮ್ಮ," ಎಂದರು. "ಇರ್ಲಿ ಅಕ್ಕಾ. ಇಲ್ಲಿಂದಲೇ ನೋಡ್ತೀನಿ. ಪೆಟ್ಟಿಗೆ ಈ ಗೇಟು ದಾಟೇ ಹೋಗ್ಬೇಕಲ್ಲ."

"ಬಿಸಿಲಿದೆ ಮೇಷ್ಟ್ರೇ."

"ಬಿಸಿಲಿಗೇನು." ಬೀದಿಯತ್ತ ತಿರುಗಿದರು. "ಆವತ್ತು ನಾನು ಹೇಳಿದ್ದು ನಾವು ಕಲಿತದ್ದನ್ನೇ. ಇವತ್ತಿಗೂ ಮದುವೆ ಅನ್ನೋ ಮಾತು ನನ್ನ ಗಂಟಲಲ್ಲಿ ಸಲೀಸಾಗಿ ಇಳಿಯಲ್ಲ. ಆದ್ರೆ ಹನ್ನೊಂದು ವರ್ಷ ಈ ಗೋಡೆಯಿಂದ ಆ ಡಬ್ಬ ಎತ್ತಿದೀನಿ. ಪ್ರತಿ ಶನಿವಾರ ಅನ್ನಿಸ್ತಿತ್ತು, ಇವಳಿಗೆ ಕೊಡಬಾರದು ಅನ್ನೋದಾದ್ರೆ ಇವಳ ಕೈಯಿಂದ ತಗೊಳ್ಳೋಕೆ ನಾವು ಯಾರು ಅಂತ." ತೋಳಿನಿಂದ ಮೂಗು ಒರೆಸಿಕೊಂಡರು. "ನಾನು ಎದುರಿಗೆ ಜಗಳ ಆಡಿದೆ. ಬೆನ್ನ ಹಿಂದೆ ಬರೀಲಿಲ್ಲ. ನೀವಾದ್ರೂ ನಂಬ್ತೀರಲ್ಲ?"

"ನಂಬ್ತೀನಿ," ಎಂದಳು ಅಕ್ಕ.

ಅವರ ಕಣ್ಣಲ್ಲಿ ನೀರು ಬಂತು. "ಅಷ್ಟು ಸಾಕು," ಎಂದರು.

ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗುವಾಗ ಹಾಲಿನಂಗಡಿಯವಳೂ ಟೈಲರ್ ಅಜ್ಜಿಯೂ ಜಗಲಿಗೆ ಬಂದು ಮಾತು ಮುಂದುವರಿಸಿದ್ದರು.

"ಆಚೆ ಬೀದಿ ಚರ್ಚಿನೋರು ಮದುವೇನೇ ಮಾಡಿಸ್ತಾರಂತೆ. ಹೋದ ತಿಂಗಳು ಇಬ್ಬರು ಗಂಡಸರಿಗೆ. ಕೇಕು ಮೂರು ಅಂತಸ್ತಿತ್ತಂತೆ."

"ಅವರದು ಬೇರೆ ಸಭೆ. ನಮ್ಮಲ್ಲಿ ಮದುವೆ ಇಲ್ಲ. ಬೋಧನೆ ಬದಲಾಗಿಲ್ಲ ಅಂತ ಫಾದರ್ ಹೇಳಲಿಲ್ವಾ? ಜೋಡಿಯಾಗಿ ಬಂದು ಬೇಡಿದವರಿಗೆ ಆಶೀರ್ವಾದ ಮಾತ್ರ. ಅದೂ ನಿಂತ ನಿಲುವಲ್ಲಿ, ಚಿಕ್ಕದಾಗಿ."

"ನಿಂತ್ಕೊಂಡು ಕೊಟ್ರೂ ಆಶೀರ್ವಾದ, ಕೂತ್ಕೊಂಡು ಕೊಟ್ರೂ ಆಶೀರ್ವಾದ. ಇವರಿಬ್ಬರು ತಗೊಂಡ್ರಾ?"

"ನರ್ಸಮ್ಮ ಒಪ್ಪಬೇಕಲ್ಲ. ಮೊದಲು ರೊಟ್ಟಿಯಮ್ಮನಿಂದ ಕಿತ್ಕೊಂಡಿದ್ದನ್ನ ವಾಪಸ್ ಕೊಡಿ, ಆಮೇಲೆ ಆಶೀರ್ವಾದದ ಮಾತು ಅಂದಳಂತೆ."

ಎರಡು ವರ್ಷದ ಹಿಂದೆ ಎಳೆಯ ಫಾದರ್ ಆಶೀರ್ವಾದದ ಆ ಹೊಸ ಅಪ್ಪಣೆಯನ್ನು ಓದಿದ ದಿನ ಅಕ್ಕ ಮೂರನೆಯ ಬೆಂಚಿನಲ್ಲೇ ಕುಳಿತಿದ್ದಳು. ಕಾಗದ ಬರೆದದ್ದು ಪಾಪವಲ್ಲ ಎಂದಿದ್ದ ಚರ್ಚೇ ಈಗ ದನಿ ಬದಲಿಸಿತು ಎಂದು ಅವಳಿಗೆ ಆಶ್ಚರ್ಯವಾಗಲಿಲ್ಲ. ಅಪ್ಪಣೆ ಹೇಗೇ ಇರಲಿ, ನಡುದಾರಿಯ ಆ ನಾಲ್ಕು ಕಾಲಿನ ಸದ್ದು ಅವಳ ಕಿವಿಯಿಂದ ಒಂದು ದಿನವೂ ಹೋಗಿರಲಿಲ್ಲ.

*

ಎರಡು ವಾರದ ಹಿಂದಿನ ಮಧ್ಯಾಹ್ನ. ನರ್ಸಮ್ಮ ಔಷಧಿ ತರಲು ಹೋಗಿದ್ದಳು. ತಂಗಿ ದಿಂಬಿಗೊರಗಿ ಕುಳಿತಿದ್ದಳು. ಅಂದು ಬೆಳಿಗ್ಗೆಯಷ್ಟೇ ಎಳೆಯ ಫಾದರ್ ಬಂದು, ಅವಳ ಪಾಪನಿವೇದನೆ ಕೇಳಿ, ಪರಮಪ್ರಸಾದ ಕೊಟ್ಟುಹೋಗಿದ್ದರು. ಹನ್ನೊಂದು ವರ್ಷದ ನಂತರದ ಮೊದಲ ತುಣುಕು.

"ನನ್ನ ಕೊನೇ ಡಬ್ಬದ್ದೇ," ಎಂದಳು ತಂಗಿ. "ಸ್ವಲ್ಪ ದಪ್ಪ ಆಗಿದೆ. ಇಷ್ಟು ವರ್ಷ ಒಬ್ರೂ ಹೇಳಲಿಲ್ಲವಲ್ಲೇ."

ಅಕ್ಕ ನಗಲು ನೋಡಿದಳು. ಕೈ ಸುಮ್ಮನಿರಲಾರದೆ, ಒಗೆದು ತಂದಿದ್ದ ಬಲಿಪೀಠದ ಚೌಕ ಬಟ್ಟೆಗಳನ್ನು ಮಂಚದ ಅಂಚಿನಲ್ಲಿ ಮಡಿಸತೊಡಗಿದಳು. ಪ್ರಸಾದದ ಪಾತ್ರೆಯ ಕೆಳಗೆ ಹಾಸುವ ಬಟ್ಟೆ ಅದು. ಕಣ್ಣಿಗೆ ಕಾಣದ ಒಂದು ಪುಡಿಯೂ ನೆಲಕ್ಕೆ ಬೀಳಬಾರದೆಂದು ಅದನ್ನು ಮಡಿಸುವ ಕ್ರಮವೇ ಬೇರೆ. ಉದ್ದಕ್ಕೆ ಮೂರು ಪಾಲು, ಅಡ್ಡಕ್ಕೆ ಮೂರು ಪಾಲು, ಒಳಮುಖವಾಗಿ. ಬಿಚ್ಚಿದರೆ ಒಂಬತ್ತು ಚೌಕ.

"ಆ ಕಾಗದಾನೂ ನೀನು ಹೀಗೇ ಮಡಿಸಿದ್ದೆ," ಎಂದಳು ತಂಗಿ.

ಅಕ್ಕನ ಕೈ ನಿಂತಿತು.

"ಆ ಭಾನುವಾರ ಸಂಜೆ ಫಾದರ್ ನನ್ನ ಕರೆಸಿ, ಓದು ಅಂತ ಕೈಗೆ ಕೊಟ್ರು. ಓದೋಕ್ಕಿಂತ ಮುಂಚೆನೇ ಗೊತ್ತಾಯ್ತು. ಕಾಗದಾನ ಜನ ಎರಡಾಗಿ ಮಡಿಸ್ತಾರೆ, ನಾಲ್ಕಾಗಿ ಮಡಿಸ್ತಾರೆ. ಒಂಬತ್ತಾಗಿ ಯಾರೇ ಮಡಿಸ್ತಾರೆ? ಅಕ್ಷರ ಮಾತ್ರ ಕಪ್ಪೆ ಕುಣಿದ ಹಾಗಿತ್ತು. ಎಡಗೈಯಾ?"

"ಹೂಂ."

"ಅಷ್ಟೆಲ್ಲ ಕಷ್ಟಪಟ್ಟು ಬರೆದು, ಮಡಿಸುವಾಗ ಕೈ ತನ್ನ ಪಾಡಿಗೆ ತಾನು ಮಡಿಸಿಬಿಡ್ತು ನೋಡು."

ಅಕ್ಕ ಬಟ್ಟೆಯನ್ನು ಬದಿಗಿಟ್ಟು ಕೇಳಿದಳು. "ಸಿಟ್ಟು ಬರಲಿಲ್ವಾ?"

"ಬರದೆ? ಆ ವಾರ ಸುಟ್ಟಿದ್ದೆಲ್ಲ ಸೀದು ಕರಕಲಾಯ್ತು." ತಂಗಿ ಉಸಿರೆಳೆದುಕೊಂಡಳು. "ಹೇಳಿಬಿಡೋಣ ಅಂತ ದಿನಾ ಅಂದ್ಕೊಳ್ತಿದ್ದೆ. ಹೇಳಿದ್ರೆ ಇವಳು ನಿನ್ನನ್ನ ಹೊಸ್ತಿಲು ಹತ್ತಿಸ್ತಿರಲಿಲ್ಲ. ನಂಗೆ ಇದ್ದಿದ್ದು ಒಬ್ಬಳೇ ಅಕ್ಕ. ನಿನ್ನ ಉಳಿಸ್ಕೊಳ್ಳೋಕೆ ಮೇಷ್ಟ್ರನ್ನ ಹೊರಗೆ ನಿಲ್ಲಿಸಿದೆ. ನೀನು ಬರೆದೆ, ನಾನು ಬಾಯಿ ಮುಚ್ಕೊಂಡೆ. ಬೆಳಿಗ್ಗೆ ಫಾದರ್ ಹತ್ರ ನಾನು ಹೇಳ್ಕೊಂಡ ಪಾಪ ಇದೊಂದೇ. ಇವಳ ಜೊತೆ ಬಾಳಿದ್ದನ್ನ ಹೇಳ್ಕೊಳ್ಳಲಿಲ್ಲ."

"ಈಗಲಾದ್ರೂ ನೀನೇ ಅವಳಿಗೆ ಹೇಳ್ಬಿಡೇ. ನೀನು ಹೇಳಿದ್ರೆ ಕೇಳ್ತಾಳೆ."

"ನಾನು ಹೇಳಿದ್ರೆ ಅದು ಚಾಡಿ. ನೀನು ಹೇಳಿದ್ರೆ ನಿವೇದನೆ." ತಂಗಿ ಅವಳ ಮಣಿಕಟ್ಟು ಹಿಡಿದಳು. ಹಿಡಿತದಲ್ಲಿ ಬಲವಿರಲಿಲ್ಲ. "ನಾನು ಮಣ್ಣಿಗೆ ಹೋಗೋದ್ರೊಳಗೆ ಹೇಳು. ಆಮೇಲೆ ಹೇಳಿದ್ರೆ ಮೇಷ್ಟ್ರು ನಂಗೆ ಮಣ್ಣು ಹಾಕೋಕೂ ಬರಲ್ಲ. ಮಾತು ಕೊಡು."

ಗೇಟು ಕಿರ್ ಎಂದಿತು. ಔಷಧಿಯ ಚೀಲ ಹಿಡಿದು ನರ್ಸಮ್ಮ ಬರುತ್ತಿದ್ದಳು. ಅಕ್ಕ ಬೇಗಬೇಗ ಮಾತು ಕೊಟ್ಟಳು. ಕೊಡುವುದು ಸುಲಭವಾಗಿತ್ತು.

*

"ಇನ್ನು ಹತ್ತು ನಿಮಿಷ," ಎಂದು ಫಾದರ್ ಮುಂದಿನ ಕೋಣೆಯಿಂದ ಹೇಳಿದರು.

ಅಕ್ಕ ಹಿಂದಿನ ಕೋಣೆಯಲ್ಲಿ ತಂಗಿಯ ಮಂಚದ ಮೇಲೆ ಕುಳಿತಿದ್ದಳು. ಶೂ ಮುಂದಿತ್ತು. ಕಾಲು ತೂರಿಸಿದ್ದಳು. ಬಗ್ಗಲು ಬೆನ್ನು ಬಿಡುತ್ತಿರಲಿಲ್ಲ. ನರ್ಸಮ್ಮ ಕರವಸ್ತ್ರ ಹುಡುಕುತ್ತ ಬಂದವಳು ನೋಡಿದಳು.

"ಕರೀಬಾರ್ದಾ ಅಕ್ಕಾ?" ಎಂದು ನೆಲಕ್ಕೆ ಕುಳಿತು ಬಲಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಪಟ್ಟಿ ಎಳೆದು ಬಕಲ್ ಹಾಕಿದಳು. "ಬಿಗಿ ಆಯ್ತಾ? ನೀರು ಸೇರಿದೆ ಕಾಲಲ್ಲಿ. ಇವತ್ತಿಂದ ನೀವು ನನ್ನ ಜೊತೆಗೇ ಇದ್ದುಬಿಡಿ. ನಂಗೂ ಯಾರಾದ್ರೂ ನೋಡ್ಕೊಳ್ಳೋಕೆ ಬೇಕು." ಎಡಗಾಲನ್ನು ಎತ್ತಿಕೊಂಡಳು.

ಒಟ್ಟಿಗಿರೋಣ ಎನ್ನುವ ಮಾತಿಗಾಗಿ ಅಕ್ಕ ಒಂದು ಜನ್ಮ ಕಾದಿದ್ದಳು. ಈಗ ಬಂತು, ಬರಬಾರದ ಬಾಯಿಂದ.

"ಆ ಕಾಗದ ಬರೆದಿದ್ದು ನಾನು," ಎಂದಳು.

"ಯಾವ ಕಾಗದ?" ನರ್ಸಮ್ಮ ಬಕಲ್ಲಿನ ತೂತು ಹುಡುಕುತ್ತಿದ್ದಳು.

"ಫಾದರಿಗೆ ಬರೆದದ್ದು. ಮೇಷ್ಟ್ರಲ್ಲ. ನಾನು."

ಬೆರಳು ನಿಂತವು. ನರ್ಸಮ್ಮ ತಲೆ ಎತ್ತಲಿಲ್ಲ. ಅವಳ ಬೈತಲೆಯ ಬಿಳಿಗೆರೆಯಷ್ಟೇ ಅಕ್ಕನಿಗೆ ಕಾಣುತ್ತಿತ್ತು.

"ಯಾಕೆ?"

ಧರ್ಮಸಭೆಯ ಬೋಧನೆ, ಆತ್ಮದ ಹಿತ, ಆ ಕಾಲ ಹಾಗಿತ್ತು. ಎಲ್ಲ ಮಾತೂ ನಾಲಿಗೆಯ ತುದಿಗೆ ಬಂದವು. ಮುದಿ ಫಾದರ್ ಒಪ್ಪಿದ್ದ ಮಾತುಗಳೇ. ಅಕ್ಕ ಅವನ್ನೆಲ್ಲ ನುಂಗಿದಳು.

"ಅವಳು ನಿನ್ನ ಬಿಟ್ಟು ನನ್ನ ಮನೆಗೆ ಬರ್ಲಿ ಅಂತ."

ಮುಂದಿನ ಕೋಣೆಯಲ್ಲಿ ಕುರ್ಚಿಗಳನ್ನು ಸರಿಸುವ ಸದ್ದಾಯಿತು.

"ಅವಳಿಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಸತ್ತವಳು ಬಂದು ಅಲ್ಲಗಳೆಯುತ್ತಿರಲಿಲ್ಲ.

"ಗೊತ್ತಿತ್ತು. ಮೊದಲ ದಿನದಿಂದ. ಇವತ್ತಿನೊಳಗೆ ಹೇಳು ಅಂತ ಅವಳೇ ಮಾತು ತಗೊಂಡಳು."

"ಹನ್ನೊಂದು ವರ್ಷ ನನ್ನ ಪಕ್ಕದಲ್ಲಿ ಮಲಗಿದ್ದಳು," ಎಂದಳು ನರ್ಸಮ್ಮ. ಅಕ್ಕನಿಗೆ ಹೇಳಿದಂತಿರಲಿಲ್ಲ.

ತೊಡೆಯ ಮೇಲಿನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ರೋಗಿಯ ಕಾಲು ಇಳಿಸುವ ಹಾಗೆ ಮೆಲ್ಲಗೆ ನೆಲಕ್ಕಿಟ್ಟಳು. ಗೋಡೆ ಹಿಡಿದು ಎದ್ದಳು. ಹೊರಗೆ ಹೋದಳು. ಅವಸರದ ನಡಿಗೆ ಅಂಗಳ ದಾಟಿದ್ದು, ಗೇಟು ಕಿರ್ ಎಂದದ್ದು ಕೇಳಿಸಿತು.

"ಮೇಷ್ಟ್ರೇ."

ನರ್ಸಮ್ಮನ ದನಿಯೇ ಮತ್ತೆ ಕೇಳಿಸಿತು.

"ಒಳಗೆ ಬನ್ನಿ ಮೇಷ್ಟ್ರೇ. ಹೊರೋಕೆ ಒಬ್ಬರು ಕಡಿಮೆ ಇದಾರೆ."

ಪೆಟ್ಟಿಗೆ ಹೆಗಲಿಗೇರಿತು. ಮೇಷ್ಟ್ರು ಎಡಗಡೆ ಮುಂದಿನ ಹಿಡಿಗೆ ಕೈಯಿಟ್ಟಿದ್ದರು. ಕೋಟಿನ ತೋಳು ಮೊಣಕೈವರೆಗೆ ಜಾರಿತ್ತು. ಹಿಂದೆ ನರ್ಸಮ್ಮ ಒಬ್ಬಳೇ ನಡೆದಳು. ಅವಳ ಹಿಂದೆ ಅಕ್ಕನಿಗೆಂದು ಜನ ಜಾಗ ಬಿಟ್ಟರು. ಅಕ್ಕ ಅಲ್ಲಿಗೆ ಹೋಗದೆ, ಎಲ್ಲರೂ ದಾಟುವವರೆಗೆ ಗೇಟಿನ ಹತ್ತಿರ ನಿಂತಳು.

"ಅಕ್ಕಾ, ಎಡಗಾಲಿನ ಬಕಲ್ ಹಾಕಿಲ್ಲ. ನಿಲ್ಲಿ, ಹಾಕ್ತೀನಿ," ಎಂದಳು ಹಾಲಿನಂಗಡಿಯವಳು ಹಿಂದಿರುಗಿ.

"ಬೇಡ ಕಣಮ್ಮ. ಇರ್ಲಿ."

ಕೊನೆಯವಳಾಗಿ ಅಕ್ಕ ಬೀದಿಗಿಳಿದಳು. ಶೂ ಜಾರದಂತೆ ಬೆರಳು ಬಿಗಿಹಿಡಿದು ನಡೆಯಬೇಕಾಗಿತ್ತು. ಬಿಚ್ಚಿದ ಪಟ್ಟಿ ಪ್ರತಿ ಹೆಜ್ಜೆಗೂ ಕಲ್ಲಿಗೆ ತಾಗುತ್ತ ಟಕ್ ಟಕ್ ಎನ್ನುತ್ತ ಚರ್ಚಿನ ಕಡೆಗೆ ಸಾಗಿತು.